ಹದಿಹರೆಯದ ಕೈಗೆ ಯಾವ ಪುಸ್ತಕ?

ಮನೆಯಲ್ಲಿ ಐದು ವರ್ಷದ ಮಗುವಿದ್ದರೆ ಅದಕ್ಕೆ ಕತೆ ಹೇಳುವವರಿಗೆ ಬರವಿಲ್ಲ. ಅಜ್ಜಿ ಹೇಳುತ್ತಾಳೆ, ಅಕ್ಕ ಹೇಳುತ್ತಾಳೆ. ಬಣ್ಣದ ಚಿತ್ರಗಳ ಪುಸ್ತಕ ಜಾತ್ರೆಯಲ್ಲಿಯೂ ಸಿಕ್ಕುತ್ತದೆ. ಇಪ್ಪತ್ತು ದಾಟಿದ ತರುಣನಿಗೂ ಚಿಂತೆಯಿಲ್ಲ. ಕಾರಂತರೋ ಕುವೆಂಪುವೋ, ತನಗೆ ಬೇಕಾದವರನ್ನು ಅವನೇ ಹುಡುಕಿಕೊಳ್ಳುತ್ತಾನೆ. ಇವೆರಡರ ನಡುವೆ ಹನ್ನೆರಡರಿಂದ ಹದಿನಾರರವರೆಗಿನ ನಾಲ್ಕೈದು ವರ್ಷಗಳಿವೆಯಲ್ಲ, ಅಲ್ಲಿ ಏನಾಗುತ್ತದೆ? ಕಾಗೆ ನರಿಯ ಕತೆ ಕೊಟ್ಟರೆ "ನಾನೇನು ಚಿಕ್ಕ ಮಗುವೆ?" ಎಂದು ಮುಖ ಸಿಂಡರಿಸುವ ವಯಸ್ಸು ಅದು. ದೊಡ್ಡವರ ಕಾದಂಬರಿಯನ್ನು ಕೈಗೆತ್ತಿಕೊಂಡರೆ "ನಿನಗೇಕೆ ಇದೆಲ್ಲ?" ಎಂದು ಹಿರಿಯರು ಕಸಿದುಕೊಳ್ಳುವ ವಯಸ್ಸೂ ಅದೇ. ಹೀಗೆ ಎರಡು ಬಾಗಿಲೂ ಮುಚ್ಚಿದ ಮೇಲೆ ಹುಡುಗ ಓದನ್ನೇ ಬಿಡುತ್ತಾನೆ. "ನಮ್ಮ ಮಕ್ಕಳಿಗೆ ಅಭಿರುಚಿಯೇ ಇಲ್ಲ, ಎಲ್ಲ ಮೊಬೈಲಿನ ಮಹಿಮೆ" ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಮೊಬೈಲಿನ ಪಾಲೂ ಇದರಲ್ಲಿ ಉಂಟು, ನಿಜ. ಆದರೆ ಆ ಕೈಗೆ ಹೊಂದುವ ಪುಸ್ತಕವೊಂದು ಮನೆಯಲ್ಲಿ ಇತ್ತೆ ಎಂದು ಮೊದಲು ಕೇಳಿಕೊಳ್ಳುವುದು ನ್ಯಾಯ.

ಹೊಂದುವ ಪುಸ್ತಕವೆಂದರೆ ಯಾವುದು? ಇದನ್ನು ಕುರಿತೇ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ಹಿರಿಯರು ಈ ವಯಸ್ಸನ್ನು ಮರೆತವರಲ್ಲ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ಕೊಟ್ಟರು. 1959ರಿಂದ ಮುಂದಕ್ಕೆ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಬರೆದರು. ನಿರಂಜನರ ಸಂಪಾದಕತ್ವದಲ್ಲಿ 1970ರ ದಶಕದಲ್ಲಿ ಕಿರಿಯರ ವಿಶ್ವಕೋಶವಾದ 'ಜ್ಞಾನಗಂಗೋತ್ರಿ' ಏಳು ಸಂಪುಟಗಳಲ್ಲಿ ಬಂದಿತು. ಇವು ಲೋಕದ ಜ್ಞಾನವನ್ನು ಕನ್ನಡದ ಹುಡುಗರ ಅಂಗಳಕ್ಕೆ ತಂದ ಭಗೀರಥ ಕಾರ್ಯಗಳು. ಆದರೆ ಹದಿಮೂರರ ಹುಡುಗಿಗೆ ನಕ್ಷತ್ರಗಳೆಷ್ಟು ದೂರ ಎಂಬುದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಇರುತ್ತದೆ: ನಾನು ಯಾರು? ನನ್ನಂಥವರು ಈ ಲೋಕದಲ್ಲಿ ಇದ್ದಾರೆಯೆ? ಈ ಪ್ರಶ್ನೆಗೆ ವಿಶ್ವಕೋಶ ಉತ್ತರ ಕೊಡಲಾರದು, ಕತೆ ಕೊಡಬಲ್ಲದು.

ಈ ಮಾತನ್ನು ಅಂಕಿಗಳಿಂದ ತೋರಿಸಿಕೊಟ್ಟವರು ಅಮೆರಿಕದ ನ್ಯಾನ್ಸಿ ಲ್ಯಾರಿಕ್ ಎಂಬ ವಿದುಷಿ. 1962, 63, 64 ಈ ಮೂರು ವರ್ಷಗಳಲ್ಲಿ ಆ ದೇಶದ ಪ್ರಕಾಶಕರು ತಂದ 5,206 ಮಕ್ಕಳ ಪುಸ್ತಕಗಳನ್ನು ಆಕೆ ಲೆಕ್ಕಕ್ಕೆ ತೆಗೆದುಕೊಂಡರು. ಒಬ್ಬನಾದರೂ ಕರಿಯ ಬಣ್ಣದ ಅಮೆರಿಕನ್ ಕಾಣಿಸಿಕೊಂಡ ಪುಸ್ತಕಗಳು 349. ಎಂದರೆ ನೂರಕ್ಕೆ ಏಳೂ ತುಂಬಲಿಲ್ಲ. 1965ರಲ್ಲಿ ಪ್ರಕಟವಾದ ಆ ಲೇಖನದ ಮೊದಲಿಗೇ ಐದು ವರ್ಷದ ಒಬ್ಬ ಕಪ್ಪು ಹುಡುಗಿ ಚಿತ್ರದ ಪುಸ್ತಕ ನೋಡುತ್ತ, ಇದರಲ್ಲಿ ಯಾವಾಗಲೂ ಬಿಳಿಯ ಮಕ್ಕಳೇ ಏಕೆ ಎಂದು ಕೇಳುತ್ತಾಳೆ. ಮುಂದೆ 1990ರಲ್ಲಿ ರುಡೀನ್ ಸಿಮ್ಸ್ ಬಿಷಪ್ ಎಂಬ ಪ್ರಾಧ್ಯಾಪಕಿ ಒಂದು ಸೊಗಸಾದ ಹೋಲಿಕೆಯನ್ನು ಕೊಟ್ಟರು. ಪುಸ್ತಕವು ಒಮ್ಮೆ ಕಿಟಕಿ; ಅದರಿಂದ ಬೇರೆಯವರ ಬದುಕು ಕಾಣುತ್ತದೆ. ಒಮ್ಮೊಮ್ಮೆ ಬಾಗಿಲು, ಅದರೊಳಗೆ ಕಾಲಿಡಬಹುದು. ಬೆಳಕು ತಕ್ಕಂತೆ ಬಿದ್ದಾಗ ಅದೇ ಗಾಜು ಕನ್ನಡಿಯೂ ಆಗಿ ನಮ್ಮ ಮುಖವನ್ನು ತೋರಿಸುತ್ತದೆ. ಕನ್ನಡಿಯಿಲ್ಲದೆ ಬೆಳೆದ ಮಗು ತನ್ನನ್ನು ಕೀಳೆಂದು ತಿಳಿಯುತ್ತದೆ. ಕಿಟಕಿಯಿಲ್ಲದೆ ಬೆಳೆದ ಮಗು ಲೋಕವೆಲ್ಲ ತನ್ನ ಮನೆಯಷ್ಟೇ ಎಂದು ತಿಳಿಯುತ್ತದೆ. ಎರಡೂ ಕೇಡೇ.

ಇದು ಅಮೆರಿಕದ ಕತೆ, ನಮಗೇನು ಎನ್ನಬೇಡಿ. ನಮ್ಮ ತರಗತಿಗಳಲ್ಲಿ ಒಂದೇ ಬೆಂಚಿನ ಮೇಲೆ ಅಂಗಡಿಯವರ ಮಗ, ಬೀಡಿ ಕಟ್ಟುವ ತಾಯಿಯ ಮಗಳು, ಹಾಸ್ಟೆಲಿನ ಹುಡುಗ, ವರ್ಗವಾಗಿ ಬಂದ ಗುಮಾಸ್ತರ ಮಗಳು ಕುಳಿತಿರುತ್ತಾರೆ. ಇವರೆಲ್ಲರ ಮುಖ ನಮ್ಮ ಪುಸ್ತಕಗಳಲ್ಲಿ ಕಾಣುತ್ತದೆಯೆ? ಸಂತೋಷದ ಸಂಗತಿಯೆಂದರೆ, ಹಿಂದಿಗಿಂತ ಈಗ ಬಹಳಮಟ್ಟಿಗೆ ಕಾಣುತ್ತದೆ.

ಮೊದಲು ಕನ್ನಡಿಗಳನ್ನು ನೋಡೋಣ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂದದ್ದು. ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನಂತೆ ಕಾಣುವ ಮಂದಣ್ಣನನ್ನು ವಿಜ್ಞಾನಿಯೊಬ್ಬರು ಗೌರವದಿಂದ ಕಂಡು, ಅವನನ್ನೂ ಕೂಡಿಕೊಂಡು ಹಾರುವ ಓತಿಯನ್ನು ಹುಡುಕುತ್ತ ಕಾಡಿಗಿಳಿಯುವ ಕತೆ ಅದು. ಅಂಕಪಟ್ಟಿಯಲ್ಲಿ ಹಿಂದೆ ಬಿದ್ದು, ಹಕ್ಕಿ ಜೇನುಗಳ ವಿಷಯದಲ್ಲಿ ಮುಂದಿರುವ ಹುಡುಗ ನಿಮ್ಮ ಮನೆಯಲ್ಲಿದ್ದರೆ ಈ ಪುಸ್ತಕ ಅವನಿಗಾಗಿಯೇ ಕಾದಿದೆ. ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರು ಕೇರಿ' ಇನ್ನೊಂದು. ಕೇರಿಯ ಬಾಲ್ಯ, ಹಸಿವು, ಅವಮಾನ, ಹಾಸ್ಟೆಲಿನ ದಿನಗಳು ಎಲ್ಲವೂ ಅದರಲ್ಲಿವೆ. ಆದರೂ ಪುಟಪುಟಕ್ಕೂ ನಗು ಉಕ್ಕುತ್ತದೆ. ನಮ್ಮ ಬದುಕೂ ಪುಸ್ತಕಕ್ಕೆ ತಕ್ಕದ್ದೇ ಎಂಬ ಧೈರ್ಯವನ್ನು ಅದು ಎಷ್ಟೋ ಮಕ್ಕಳಿಗೆ ಕೊಡಬಲ್ಲದು. ಹದಿನಾರರ ಹತ್ತಿರಕ್ಕೆ ಬಂದ ಹೆಣ್ಣುಮಗಳಿಗೆ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಕೊಡಿ, ಗಂಡುಮಗನಿಗೂ ಕೊಡಿ. ಹೆಣ್ಣಿನ ಬಾಳನ್ನು ಹೆಣ್ಣನ್ನು ಕೇಳದೆ ತೀರ್ಮಾನಿಸಿದರೆ ಏನಾಗುತ್ತದೆ ಎಂಬುದನ್ನು ಇಬ್ಬರೂ ತಿಳಿಯಬೇಕು.

ಮಕ್ಕಳಿಗೆಂದೇ ಬರೆಯುವವರೂ ಹೆಚ್ಚಿದ್ದಾರೆ. ಕೇಂದ್ರ ಸಾಹಿತ್ಯ ಅಕಾದೆಮಿಯು 2010ರಿಂದ ಬಾಲಸಾಹಿತ್ಯ ಪುರಸ್ಕಾರವನ್ನು ಕೊಡುತ್ತ ಬಂದಿದೆ. ಕನ್ನಡದಲ್ಲಿ ಮೊದಲನೆಯದು ಬೊಳುವಾರು ಮಹಮದ್ ಕುಂಞಿಯವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ'ಗೆ ಸಂದಿತು. 2011ರಲ್ಲಿ ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಆ ಮನ್ನಣೆ ಪಡೆಯಿತು. ಶರಾವತಿಯ ಅಣೆಕಟ್ಟಿನ ನೀರಿನಲ್ಲಿ ಮನೆ ಗದ್ದೆಗಳನ್ನು ಕಳೆದುಕೊಂಡವರ ನೋವನ್ನು ಬಾಳಿನುದ್ದಕ್ಕೂ ಬರೆದವರು ಡಿಸೋಜರು. ನಮ್ಮ ಮನೆಯ ದೀಪ ಯಾರ ಊರನ್ನು ಮುಳುಗಿಸಿ ಉರಿಯುತ್ತಿದೆ ಎಂದು ಯೋಚಿಸಲು ಹದಿಹರೆಯವೇ ತಕ್ಕ ಕಾಲ. 2020ರಲ್ಲಿ ಎಚ್. ಎಸ್. ಬ್ಯಾಕೋಡರ 'ನಾನೂ ಅಂಬೇಡ್ಕರ್', 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್' ಈ ಪುರಸ್ಕಾರವನ್ನು ಪಡೆದವು. ಅಂಗಡಿಗೆ ಹೋದಾಗ ಈ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಇನ್ನು ಕಿಟಕಿಗಳು. 'ತೊತ್ತೊ-ಚಾನ್' ಜಪಾನಿನ ತೆತ್ಸುಕೊ ಕುರೊಯಾನಗಿ ತಮ್ಮ ಬಾಲ್ಯವನ್ನು ಕುರಿತು ಬರೆದ ಪುಸ್ತಕ. ನ್ಯಾಷನಲ್ ಬುಕ್ ಟ್ರಸ್ಟಿನವರು ಕನ್ನಡದಲ್ಲಿಯೂ ತಂದಿದ್ದಾರೆ. ಹಳೆಯ ರೈಲು ಡಬ್ಬಿಗಳೇ ತರಗತಿಗಳಾಗಿದ್ದ ಆ ಶಾಲೆಯನ್ನು ನೋಡಿದ ಮಕ್ಕಳು ನಮ್ಮಂಥ ಮೇಷ್ಟರುಗಳನ್ನು ಕಠಿಣ ಪ್ರಶ್ನೆ ಕೇಳುತ್ತಾರೆ, ಕೇಳಲಿ. ನೇಮಿಚಂದ್ರರ 'ಯಾದ್ ವಶೇಮ್' 2007ರ ಕಾದಂಬರಿ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದ ಯಹೂದಿ ಬಾಲಕಿ ಇಲ್ಲಿಯ ಮನೆಯೊಂದರ ಮಗಳಾಗಿ ಬೆಳೆದು, ವೃದ್ಧಾಪ್ಯದಲ್ಲಿ ತನ್ನವರನ್ನು ಹುಡುಕಿ ಹೊರಡುತ್ತಾಳೆ. ದೂರದ ಇತಿಹಾಸ ನಮ್ಮ ಬೀದಿಗೆ ಬಂದು ನಿಲ್ಲುವ ಬಗೆ ಇದು. ನಿರಂಜನರೇ ಸಂಪಾದಿಸಿದ 25 ಸಂಪುಟಗಳ 'ವಿಶ್ವಕಥಾಕೋಶ'ದಲ್ಲಿ ಲೋಕದ ನಾನಾ ದೇಶಗಳ ಕತೆಗಳಿವೆ. ಒಂದು ಸಂಜೆಗೆ ಒಂದು ಕತೆ ಸಾಕು.

ಇಲ್ಲಿ ತಂದೆತಾಯಿಗಳ ಸಂಶಯಗಳಿಗೆ ಉತ್ತರ ಹೇಳಬೇಕು. ಮೊದಲನೆಯದು: "ಇಷ್ಟೆಲ್ಲ ಕಹಿ ಸಂಗತಿಗಳನ್ನು ಈ ವಯಸ್ಸಿನಲ್ಲೇ ಓದಬೇಕೆ?" ಅಂಬೇಡ್ಕರರು ತಮ್ಮ ಬಾಲ್ಯದ ಒಂದು ಪ್ರಯಾಣವನ್ನು ಬರೆದಿಟ್ಟಿದ್ದಾರೆ. 1901ರಲ್ಲಿ, ಬೇರೆ ಊರಿನಲ್ಲಿ ಕೆಲಸಕ್ಕಿದ್ದ ತಂದೆಯನ್ನು ಕಾಣಲು ಹೊಸ ಬಟ್ಟೆ ಉಟ್ಟು ರೈಲಿನಲ್ಲಿ ಹೊರಟ ಹುಡುಗರು ಮಸೂರು ನಿಲ್ದಾಣದಲ್ಲಿ ಇಳಿಯುತ್ತಾರೆ. ಜಾತಿ ತಿಳಿದೊಡನೆ ಸ್ಟೇಷನ್ ಮಾಸ್ತರರು ಹಿಂದೆ ಸರಿಯುತ್ತಾರೆ. ಗಾಡಿಯವರು ಯಾರೂ ಹತ್ತಿಸಿಕೊಳ್ಳುವುದಿಲ್ಲ. ಎರಡರಷ್ಟು ಬಾಡಿಗೆಗೆ ಒಪ್ಪಿದವನೂ ಗಾಡಿಯನ್ನು ಮಕ್ಕಳೇ ಹೊಡೆಯಬೇಕೆನ್ನುತ್ತಾನೆ. ರಾತ್ರಿಯಿಡೀ ಕುಡಿಯಲು ನೀರಿಲ್ಲ. ಆಗ ಅವರ ವಯಸ್ಸು ಒಂಬತ್ತೋ ಹತ್ತೋ. ಒಂಬತ್ತರಲ್ಲಿ ಒಬ್ಬ ಹುಡುಗ ಅನುಭವಿಸಬೇಕಾಗಿ ಬಂದುದನ್ನು ಹದಿಮೂರರ ಇನ್ನೊಬ್ಬ ಹುಡುಗ ಓದಲೂ ಬಾರದೆನ್ನುವುದು ಯಾವ ನ್ಯಾಯ? ಕಹಿಯನ್ನು ಮಕ್ಕಳು ಹೇಗೂ ಬೀದಿಯಲ್ಲಿ ಕಾಣುತ್ತಾರೆ. ಪುಸ್ತಕದಲ್ಲಿ ಕಂಡರೆ ಅದಕ್ಕೊಂದು ಅರ್ಥವೂ ಸಿಕ್ಕುತ್ತದೆ, ಪಕ್ಕದಲ್ಲಿ ನೀವೂ ಇರುತ್ತೀರಿ.

ಎರಡನೆಯದು ಭಾಷೆಯ ಭಯ: "ಈ ಪುಸ್ತಕಗಳಲ್ಲಿ ಆಡುಮಾತು ತುಂಬಿದೆ, ವ್ಯಾಕರಣ ಕೆಡುತ್ತದೆ." ಶಬ್ದಮಣಿದರ್ಪಣವನ್ನು ಬಾಯಿಪಾಠ ಮಾಡಿ ಬಂದ ನಾನು ಹೇಳುತ್ತೇನೆ, ಕೆಡುವುದಿಲ್ಲ. ದೇಸಿ ಬೇರೆಬೇರೆಯಾಗಿರುವ ಕನ್ನಡಗಳ ತಪ್ಪನ್ನು ಎಣಿಸಹೊರಟರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರವಾದೀತೆಂಬ ಅರಿವು ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿಯೇ ಇದೆ. ಬಾಗಲಕೋಟೆಯ ಕಡೆಯಿಂದ ನಮ್ಮ ಶಾಲೆಗೆ ಬಂದು ಸೇರಿದ ಹುಡುಗನೊಬ್ಬ ಮಾತಾಡಿದರೆ ಉಳಿದವರು ನಗುತ್ತಿದ್ದರು. ಅವನು ಬಾಯಿ ತೆರೆಯುವುದನ್ನೇ ಬಿಟ್ಟಿದ್ದ. ಒಂದು ದಿನ ಆ ಸೀಮೆಯ ಮಾತುಗಳಿದ್ದ ಕತೆಯನ್ನು ಅವನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದೆ. ಅಂದೂ ತರಗತಿ ನಕ್ಕಿತು. ಆದರೆ ಕತೆಯವನು ನಗಿಸಬೇಕೆಂದ ಕಡೆಯಲ್ಲಿ ನಕ್ಕಿತು. ಮರುದಿನದಿಂದ ಅವನ ಕೈ ಪ್ರಶ್ನೆಗೆ ಮೇಲೇಳತೊಡಗಿತು.

ಮೂರನೆಯದು ಪರೀಕ್ಷೆ. ಎಸ್.ಎಸ್.ಎಲ್.ಸಿ. ಹತ್ತಿರ ಬಂದಿತೆಂದು ಕತೆ ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಮನೆಗಳುಂಟು. ಓದುವ ರೂಢಿಯಿರುವ ಮಗುವಿಗೆ ಪ್ರಶ್ನೆಪತ್ರಿಕೆಯ ಉದ್ದ ವಾಕ್ಯ ಕಂಡರೆ ಹೆದರಿಕೆಯಾಗದು. ದಿನಕ್ಕೆ ಅರ್ಧ ಗಂಟೆಯ ಓದಿನಿಂದ ಯಾವ ಅಂಕವೂ ಕಳೆದುಹೋಗದು.

ನಾಲ್ಕನೆಯದು ಹಣ. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1965ರಲ್ಲಿ ಆಯಿತು. ಅದರ ಮೇರೆಗೆ ಪಟ್ಟಣಗಳಲ್ಲಿ ಮನೆಕಂದಾಯದ ಜೊತೆಗೇ ಗ್ರಂಥಾಲಯ ಕರವನ್ನೂ ವಸೂಲು ಮಾಡುತ್ತಾರೆ. ಅಂದಮೇಲೆ ನಿಮ್ಮ ಊರಿನ ಗ್ರಂಥಾಲಯದ ಪುಸ್ತಕಕ್ಕೆ ನೀವು ಆಗಲೇ ಹಣ ಕೊಟ್ಟಿದ್ದೀರಿ! ಮಗನನ್ನೋ ಮಗಳನ್ನೋ ಕರೆದುಕೊಂಡು ಹೋಗಿ ಅವರ ಹೆಸರಿನಲ್ಲಿಯೇ ಸದಸ್ಯತ್ವ ಮಾಡಿಸಿ. ಬೇಕಾದ ಪುಸ್ತಕ ಅಲ್ಲಿಲ್ಲದಿದ್ದರೆ ತರಿಸಿಕೊಡಿರೆಂದು ಬರೆದು ಕೊಡಿ, ಕೇಳುವವರಿದ್ದರಲ್ಲವೆ ಕೊಡುವವರು?

ಕೊನೆಯದಾಗಿ ಕೊಡುವ ಬಗೆ. ಪುಸ್ತಕವನ್ನು ಔಷಧಿಯಂತೆ ಕುಡಿಸಬೇಡಿ. ಊಟದ ಮೇಜಿನ ಮೇಲೋ ಕಿಟಕಿಯ ಪಕ್ಕದಲ್ಲೋ ಸುಮ್ಮನೆ ಇಟ್ಟುಬಿಡಿ. ಮೊದಲು ನೀವೇ ಓದಿ. ನಿಮ್ಮ ಕೈಯಲ್ಲಿ ಕಂಡ ಪುಸ್ತಕದ ಮೇಲೆ ಅವರಿಗೆ ಕುತೂಹಲ ಹುಟ್ಟುತ್ತದೆ. ಹಿಡಿಸದಿದ್ದರೆ ಅರ್ಧಕ್ಕೆ ಬಿಡುವ ಸ್ವಾತಂತ್ರ್ಯ ಕೊಡಿ. "ನೀತಿ ಏನು ಕಲಿತೆ?" ಎಂದು ಕೇಳಬೇಡಿ, "ಆ ಮಂದಣ್ಣ ನಿನಗೆ ಹೇಗೆ ಕಂಡ?" ಎಂದು ಕೇಳಿ. ಹದಿನಾರು ತುಂಬಿದ ಮಗನನ್ನು ಗೆಳೆಯನಂತೆ ಕಾಣಬೇಕೆಂಬ ಹಿರಿಯರ ಮಾತು ಮಗಳಿಗೂ ಸಲ್ಲುತ್ತದೆ, ಪುಸ್ತಕದ ವಿಷಯಕ್ಕೂ ಸಲ್ಲುತ್ತದೆ. ಬಾನುಲಿಯ ನಾಟಕವನ್ನೂ ಗಮಕವನ್ನೂ ಕೂಡಿ ಕುಳಿತು ಕೇಳುವ ರೂಢಿ ನಿಮ್ಮ ಮನೆಗಿದೆ. ವಾರಕ್ಕೊಂದು ರಾತ್ರಿ, ರಾತ್ರಿಯ ವಾರ್ತೆ ಮುಗಿದ ಮೇಲೆ, ಒಬ್ಬರು ಎರಡು ಪುಟ ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ. ಎರಡು ಪುಟದ ಮೇಲೆ ಮುಂದೇನಾಯಿತೆಂದು ತಿಳಿಯಲು ಪುಸ್ತಕವನ್ನು ಹಾಸಿಗೆಗೆ ಕೊಂಡೊಯ್ಯುವ ಮಗು ಸಿಕ್ಕಿದರೆ, ದೀಪ ಆರಿಸಲು ಅವಸರ ಮಾಡಬೇಡಿ.