ಮಣ್ಣಿನ ಕೊಕ್ಕರೆಗೆ ಕಬ್ಬಿಣದ ಕಾಲು: ಬಿರುಕು ಬಿಡದಂತೆ ಜೋಡಿಸೋದು ಹೇಗೆ?

ಅಂಗಡಿ ಮುಂದೆ ಇಡೋಕೆ, ಮನೆ ಅಂಗಳಕ್ಕೆ ಅಂತ ಮಣ್ಣು-ಕಬ್ಬಿಣ ಸೇರಿಸಿ ಕಲಾಕೃತಿ ಮಾಡಲು ಹೊರಟವರಿಗೆ ಎದುರಾಗುವ ತೊಂದರೆ ಹೆಚ್ಚಾಗಿ ಒಂದೇ. ರಾತ್ರಿ ಚೆನ್ನಾಗಿದ್ದ ಗೊಂಬೆ, ಬೆಳಿಗ್ಗೆ ನೋಡಿದರೆ ಸರಳಿನ ಉದ್ದಕ್ಕೂ ಸೀಳಿರುತ್ತದೆ. ವಾರದ ಶ್ರಮ ಮಣ್ಣುಪಾಲು.

ಕಾರಣ ಸರಳ. ಹಸಿ ಮಣ್ಣು ಒಣಗುತ್ತಾ ಕುಗ್ಗುತ್ತದೆ, ಕಬ್ಬಿಣ ಕುಗ್ಗುವುದಿಲ್ಲ. ಒಣಗಿ, ಸುಟ್ಟು ಮುಗಿಯುವಷ್ಟರಲ್ಲಿ ಮಣ್ಣು ಶೇ 10ರ ಆಸುಪಾಸು ಕುಗ್ಗಬಹುದು. ಅಂದರೆ 30 ಸೆಂ.ಮೀ. ಎತ್ತರದ ಕೊಕ್ಕರೆ 27 ಸೆಂ.ಮೀ.ಗೆ ಇಳಿಯುತ್ತದೆ. ಒಳಗಿನ ಸರಳು ಜಗ್ಗದಿದ್ದರೆ ಮಣ್ಣು ಸೀಳಲೇಬೇಕು. ಹಾಗೇ ಸುಟ್ಟರೆ ಕಬ್ಬಿಣ ಕಾದು ಹಿಗ್ಗಿ, ಉಳಿದದ್ದನ್ನೂ ಒಡೆಯುತ್ತದೆ.

ಹಾಗಾಗಿ ಎರಡನ್ನೂ ಬೇರೆ ಬೇರೆ ಮಾಡಿ, ಸುಟ್ಟ ಮೇಲೆ ಜೋಡಿಸಿ.

* ಮಣ್ಣಿಗೆ ಹಳೇ ಹೆಂಚಿನ ಪುಡಿ ಬೆರೆಸಿ. ಅದು ಆಗಲೇ ಸುಟ್ಟಿದ್ದು, ಮತ್ತೆ ಕುಗ್ಗಲ್ಲ.
* ಕೊಕ್ಕರೆಯ ಮೈ ಒಳಗೆ ಟೊಳ್ಳಿರಲಿ. ಗಾಳಿ, ಹಬೆ ಹೊರಹೋಗಲು ತೂತು ಬಿಡಿ.
* ಕಾಲಿಗೆ 10 ಮಿ.ಮೀ. ಸರಳು ಹಾಕುವುದಾದರೆ ಹಸಿ ಮಣ್ಣಿನಲ್ಲಿ 12 ಮಿ.ಮೀ. ತೂತು ಕೊರೆಯಿರಿ. ಕುಗ್ಗಿದ ಮೇಲೆ ಅದು ಸುಮಾರು 10.8 ಮಿ.ಮೀ. ಆಗುತ್ತದೆ.
* ನೆರಳಿನಲ್ಲಿ, ಮೇಲೆ ಗೋಣಿಚೀಲ ಮುಚ್ಚಿ ನಿಧಾನ ಒಣಗಿಸಿ. ಬಿಸಿಲಿಗೆ ಇಡಬೇಡಿ.
* ಸುಟ್ಟು ತಣ್ಣಗಾದ ಮೇಲೆ ಸರಳಿಗೆ ರೆಡ್ ಆಕ್ಸೈಡ್ ಬಳಿದು, ಎಪಾಕ್ಸಿ ಅಂಟಿನಿಂದ ಕೂರಿಸಿ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಮಣ್ಣನ್ನು ಒಡೆಯುತ್ತದೆ, ಹಾಗಾಗಿ ಬಣ್ಣ ತಪ್ಪಿಸಬೇಡಿ.

ಸುಡದೇ ಇಡುವ ಮೂರ್ತಿಯಾದರೆ ಸರಳು ಒಳಗೇ ಇರಬಹುದು. ಆದರೆ ಅದಕ್ಕೆ ಮೊದಲು ಹುಲ್ಲು ಸುತ್ತಿ ಬಿಗಿಯಾಗಿ ಕಟ್ಟಿ, ಆಮೇಲೆ ಮಣ್ಣು ಮೆತ್ತಿ. ಮಣ್ಣು ಕುಗ್ಗಿದಾಗ ಹುಲ್ಲು ಅದುಮಿಕೊಂಡು ಜಾಗ ಕೊಡುತ್ತದೆ.

ಎಚ್ಚರಿಕೆ: ಸತು ಲೇಪಿಸಿದ ಜಿಐ ತಂತಿಯನ್ನು ಯಾವ ಕಾರಣಕ್ಕೂ ಗೂಡಿನಲ್ಲಿ ಸುಡಬೇಡಿ. ಅದರ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ವೆಲ್ಡಿಂಗ್ ಮಾಡುವಾಗಲೂ ಇದೇ ಅಪಾಯ. ಅಲ್ಯೂಮಿನಿಯಂ ಕೂಡ ಬೇಡ, 660 ಡಿಗ್ರಿ ಸೆಲ್ಸಿಯಸ್‌ಗೇ ಕರಗಿಬಿಡುತ್ತದೆ.

ಒಂದೊಂದು ಕೆರೆ ಮಣ್ಣಿನ ಗುಣ ಒಂದೊಂದು ಥರ. ಆದ್ದರಿಂದ ಕೆಲಸಕ್ಕೆ ಕೈಹಾಕುವ ಮುನ್ನ ಸಣ್ಣ ಪರೀಕ್ಷೆ ಮಾಡಿ. ಹಸಿ ಮಣ್ಣಿನ ಪಟ್ಟಿಯ ಮೇಲೆ 10 ಸೆಂ.ಮೀ. ಗೆರೆ ಎಳೆದು, ಒಣಗಿಸಿ, ಸುಟ್ಟು ಮತ್ತೆ ಅಳೆಯಿರಿ. ಗೆರೆ 9 ಸೆಂ.ಮೀ. ಆಗಿದ್ದರೆ ನಿಮ್ಮ ಮಣ್ಣು ಶೇ 10 ಕುಗ್ಗುತ್ತದೆ ಎಂದರ್ಥ. ತೂತಿನ ಅಳತೆಯನ್ನು ಅದರ ಮೇಲೆ ಲೆಕ್ಕ ಹಾಕಿಕೊಳ್ಳಿ.