ಓದುವ ಮಗುವಿಗೆ ಶ್ವಾನದ ಸಾಂಗತ್ಯ

ತರಗತಿಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಪಾಠ ಓದಬೇಕಾದಾಗ ಅನೇಕ ಮಕ್ಕಳು ತಡವರಿಸುತ್ತಾರೆ. ಇದಕ್ಕೆ ಅಕ್ಷರಜ್ಞಾನದ ಕೊರತೆಯೊಂದೇ ಕಾರಣವಲ್ಲ. ಒಂದು ಒತ್ತಕ್ಷರ ತಪ್ಪಿದರೆ ಸಹಪಾಠಿಗಳು ನಗುವರೆಂಬ ಅಂಜಿಕೆ ಗೊತ್ತಿರುವ ಪದವನ್ನೂ ಮರೆಸುತ್ತದೆ. ಅಂಜಿದ ಮಗು ಓದುವುದನ್ನೇ ತಪ್ಪಿಸಿಕೊಳ್ಳುತ್ತದೆ. ಅಭ್ಯಾಸ ತಪ್ಪಿದಷ್ಟೂ ಹಿಂದುಳಿಯುತ್ತದೆ. ಈ ಅಂಜಿಕೆಯನ್ನು ಕಳೆಯಲು ತರಬೇತಿ ಪಡೆದ ನಾಯಿಗಳ ನೆರವು ಪಡೆಯುವ ವಿಧಾನವು ಅಮೆರಿಕದಲ್ಲಿ ರೂಪುಗೊಂಡು ಇತರ ದೇಶಗಳಿಗೂ ಹಬ್ಬಿದೆ.

ನಾಯಿಯ ಸನ್ನಿಧಿಯಲ್ಲಿ ಮಕ್ಕಳ ಸಂಕೋಚ ಸಡಿಲುವುದನ್ನು ನ್ಯೂಯಾರ್ಕಿನ ಮನೋವಿಜ್ಞಾನಿ ಬೋರಿಸ್ ಲೆವಿನ್ಸನ್ ತಮ್ಮ ಚಿಕಿತ್ಸಾ ಕೊಠಡಿಯಲ್ಲಿ ಕಂಡು, 1962ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. 1983ರಲ್ಲಿ ಎರಿಕಾ ಫ್ರೀಡ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಗಟ್ಟಿಯಾಗಿ ಓದುವ ಮಕ್ಕಳ ರಕ್ತದೊತ್ತಡವು ನಾಯಿ ಬಳಿಯಿದ್ದಾಗ ಕಡಿಮೆಯಿದ್ದುದು ಕಂಡುಬಂದಿತು. ಓದುವಿಕೆಗೆಂದೇ ವ್ಯವಸ್ಥಿತ ಕಾರ್ಯಕ್ರಮವೊಂದು ಆರಂಭವಾದುದು 1999ರಲ್ಲಿ, ಯೂಟಾ ರಾಜ್ಯದ ಸಾಲ್ಟ್ ಲೇಕ್ ನಗರದ ಗ್ರಂಥಾಲಯದಲ್ಲಿ. ಇಂಟರ್‌ಮೌಂಟನ್ ಥೆರಪಿ ಅನಿಮಲ್ಸ್ ಎಂಬ ಸಂಸ್ಥೆ ಇದನ್ನು ರೂಪಿಸಿತು.

ವಿಧಾನ ಸರಳವಾದುದು. ಚಾಪೆಯ ಮೇಲೆ ನಾಯಿ ಮಲಗಿರುತ್ತದೆ. ಒಂದು ಬದಿಗೆ ಪುಸ್ತಕ ಹಿಡಿದ ಮಗು, ಇನ್ನೊಂದು ಬದಿಗೆ ನಾಯಿಯ ಪಾಲಕರು. ಮಗು ತನಗೆ ಹಿಡಿಸಿದ ಪುಸ್ತಕವನ್ನು ನಾಯಿಗೆ ಓದಿ ಹೇಳುತ್ತದೆ. ಎಡವಿದಾಗ ಪಾಲಕರು ತಪ್ಪನ್ನು ಎತ್ತಿ ತೋರಿಸುವುದಿಲ್ಲ. "ಈ ಪದ ನಮ್ಮ ನಾಯಿಗೆ ತಿಳಿಯಲಿಲ್ಲ, ಸ್ವಲ್ಪ ಬಿಡಿಸಿ ಹೇಳುವೆಯಾ?" ಎಂದು ಕೇಳುತ್ತಾರೆ. ಅಷ್ಟರಿಂದಲೇ ಕಲಿಯುವ ಮಗು ಕಲಿಸುವ ಮಗುವಾಗುತ್ತದೆ.

ಇಂತಹ ನಾಯಿಯ ತರಬೇತಿಯೇ ಬೇರೆ ಬಗೆಯದು. ಹೈದರಾಬಾದಿನ ಸಮೀಪದ ಮೊಯಿನಾಬಾದಿನಲ್ಲಿ ಪೊಲೀಸ್ ಶ್ವಾನಗಳಿಗೆ ಸ್ಫೋಟಕಗಳ ವಾಸನೆ ಹಿಡಿಯುವುದನ್ನು ಕಲಿಸಲಾಗುತ್ತದೆ. ಓದಿಗೆ ಕಿವಿಗೊಡುವ ನಾಯಿ ಕಲಿಯಬೇಕಾದುದು ಸುಮ್ಮನಿರುವುದನ್ನು. ಬಾಲ ತುಳಿದರೂ, ಪುಸ್ತಕ ಧೊಪ್ಪನೆ ಬಿದ್ದರೂ ಅದು ಕದಲಬಾರದು. ತಳಿಗಿಂತ ಸ್ವಭಾವವೇ ಇಲ್ಲಿ ಮುಖ್ಯ.

ಫಲದ ಬಗ್ಗೆ ಅತಿಶಯೋಕ್ತಿ ಸಲ್ಲದು. ಲಭ್ಯ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2016ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಪರಿಣಾಮ ಆಶಾದಾಯಕವಾಗಿದ್ದರೂ ಬಹುತೇಕ ಅಧ್ಯಯನಗಳ ಗುಣಮಟ್ಟ ಸಾಲದೆಂದು ಹೇಳಿತು. ನಾಯಿ ಗುಣಿತಾಕ್ಷರ ಕಲಿಸಲಾರದು. ಅದು ಶಿಕ್ಷಕರ ಕೆಲಸ. ಮೂರನೆಯ ತರಗತಿಯ ಅಂತ್ಯದೊಳಗೆ ಪ್ರತಿ ಮಗುವೂ ಅರ್ಥಮಾಡಿಕೊಂಡು ಓದುವಂತಾಗಬೇಕೆಂಬ ಗುರಿಯಿಂದ ಕೇಂದ್ರ ಸರ್ಕಾರ 2021ರ ಜುಲೈ 5ರಂದು ನಿಪುಣ ಭಾರತ ಕಾರ್ಯಕ್ರಮವನ್ನು ಆರಂಭಿಸಿತು. ಆ ಗುರಿಯ ಭಾರ ಶಾಲೆಯ ಮೇಲೆಯೇ ಇದೆ.

ಆದರೂ ಹೈದರಾಬಾದಿನಲ್ಲಿ ಬೆಳೆಯುವ ಕನ್ನಡದ ಮಗುವಿನ ಸ್ಥಿತಿಯನ್ನು ಗಮನಿಸಬೇಕು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ದಖನಿ ಉರ್ದು, ಶಾಲೆಯಲ್ಲಿ ಹಲವೊಮ್ಮೆ ಇಂಗ್ಲಿಷ್. ಕನ್ನಡ ಮತ್ತು ತೆಲುಗಿನ ಲಿಪಿಗಳು ಒಂದನ್ನೊಂದು ಹೋಲುವುದರಿಂದ ತಲೆಕಟ್ಟಿನ ಸಣ್ಣ ವ್ಯತ್ಯಾಸವೂ ಮಗುವನ್ನು ತಡೆದು ನಿಲ್ಲಿಸುತ್ತದೆ. ಹಾಗೆ ನಿಂತ ಕ್ಷಣದಲ್ಲಿ ಅವಸರಿಸದೆ ಕಾಯುವವರು ಯಾರಾದರೂ ಇರಬೇಕು. ನಾಯಿ ಕಾಯುತ್ತದೆ.

ಇದೇ ನಗರದಲ್ಲಿ ನಾಯಿಯೆಂದರೆ ನಡುಗುವ ಮಕ್ಕಳೂ ಇದ್ದಾರೆ. 2023ರ ಫೆಬ್ರವರಿಯಲ್ಲಿ ಅಂಬರ್‌ಪೇಟೆಯಲ್ಲಿ ಬೀದಿನಾಯಿಗಳ ದಾಳಿಗೆ ಪುಟ್ಟ ಬಾಲಕನೊಬ್ಬ ಬಲಿಯಾದುದನ್ನು ಅಲ್ಲಿನ ತಾಯಂದಿರು ಮರೆತಿಲ್ಲ. ಆದುದರಿಂದ ಬೀದಿಯ ನಾಯಿಯನ್ನಾಗಲಿ, ನೆರೆಮನೆಯ ಸಾಧು ನಾಯಿಯನ್ನಾಗಲಿ ಕರೆತಂದು ಮಗುವಿನ ಬಳಿ ಕೂರಿಸುವುದು ಸರ್ವಥಾ ಸಲ್ಲದು. ನಾಯಿಯ ಸ್ವಭಾವವನ್ನು ತಜ್ಞರು ಪರೀಕ್ಷಿಸಿರಬೇಕು. ರೇಬೀಸ್ ಲಸಿಕೆ ಹಾಕಿಸಿದ ದಾಖಲೆ ಇರಬೇಕು. ಪಾಲಕರು ಕ್ಷಣಕಾಲವೂ ಅಗಲಬಾರದು. ಪೋಷಕರ ಒಪ್ಪಿಗೆಯಿಲ್ಲದೆ ಆರಂಭಿಸಬಾರದು. ದಣಿದ ನಾಯಿಗೆ ವಿಶ್ರಾಂತಿ ಕೊಡಬೇಕು. ಯಾವ ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಕೂಡಲೇ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ವೈದ್ಯರು ಹೇಳಿದಷ್ಟು ಲಸಿಕೆಯನ್ನು ಪೂರ್ಣವಾಗಿ ಪಡೆಯಬೇಕು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕುಳಿಯುವುದು ಅತಿ ವಿರಳ.

ನಾಯಿಗೆ ಹೆದರುವ ಮಗುವನ್ನು ಒತ್ತಾಯಿಸಬೇಕಾಗಿಲ್ಲ. ಅಜ್ಜಿಯೋ ಅಕ್ಕನೋ ದಿನಕ್ಕೆ ಕಾಲುಗಂಟೆ ಪಕ್ಕದಲ್ಲಿ ಕುಳಿತು, ನಡುವೆ ತಿದ್ದದೆ, ಓದಿದ್ದನ್ನು ಕೊನೆಯವರೆಗೆ ಕೇಳಿಸಿಕೊಂಡರೆ ಮಗುವಿಗೆ ಬೇಕಾದ ಬಿಡುವು ಅಲ್ಲಿಯೂ ದೊರೆಯುತ್ತದೆ.