ಮೂವತ್ತು ಸೆಕೆಂಡಿನ 2,850 ವರ್ಷ

ಮನೆಯ ಲ್ಯಾಪ್‌ಟಾಪ್ ಮೂವತ್ತು ಸೆಕೆಂಡು ಹ್ಯಾಂಗ್ ಆಯಿತು ಅಂದುಕೊಳ್ಳಿ. ಮೌಸಿನ ಬಾಣ ನಿಂತಲ್ಲೇ ನಿಂತಿದೆ, ಒತ್ತಿದ ಅಕ್ಷರ ಮೂಡುತ್ತಿಲ್ಲ. ನಮಗೆ ಅದು ರೇಗಿ ಹೋಗುವಷ್ಟು ಹೊತ್ತು, ಅಷ್ಟೇ. ಒಳಗಿರುವ ಪ್ರೊಸೆಸರಿಗೆ? 3 ಗಿಗಾಹರ್ಟ್ಸ್ ಪ್ರೊಸೆಸರ್ ಎಂದರೆ ಅದರ ಗಡಿಯಾರ ಸೆಕೆಂಡಿಗೆ 300 ಕೋಟಿ ಸಲ ಬಡಿಯುತ್ತದೆ. ಮೂವತ್ತು ಸೆಕೆಂಡಿಗೆ 9,000 ಕೋಟಿ ಬಡಿತ. ಒಂದು ಬಡಿತದ ಅವಧಿಯಲ್ಲಿ ಬೆಳಕು ಕೂಡ ಹತ್ತು ಸೆಂಟಿಮೀಟರಿಗಿಂತ ಮುಂದೆ ಹೋಗಲಾರದು. ಪರದೆಯಿಂದ ಅರ್ಧ ಮೀಟರ್ ದೂರ ಕುಳಿತಿದ್ದರೆ, ಅಲ್ಲಿಂದ ಹೊರಟ ಬೆಳಕು ನಿಮ್ಮ ಕಣ್ಣು ಮುಟ್ಟುವಷ್ಟರಲ್ಲಿ ಪ್ರೊಸೆಸರ್ ಐದು ಬಡಿತ ಮುಗಿಸಿರುತ್ತದೆ.

ಇಷ್ಟು ಚಿಕ್ಕ ಕಾಲ ಮನಸ್ಸಿಗೆ ನಿಲುಕುವುದಿಲ್ಲ. ಅಳತೆಯನ್ನೇ ಹಿಗ್ಗಿಸೋಣ. ಪ್ರೊಸೆಸರಿನ ಒಂದು ಬಡಿತವನ್ನು ಒಂದು ಸೆಕೆಂಡು ಎಂದಿಟ್ಟುಕೊಂಡರೆ, ನಮ್ಮ ನಿಜವಾದ ಒಂದು ಸೆಕೆಂಡು ಅದಕ್ಕೆ 95 ವರ್ಷವಾಗುತ್ತದೆ. ಮೂವತ್ತು ಸೆಕೆಂಡಿನ ಹ್ಯಾಂಗ್ 2,850 ವರ್ಷ. ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನದಿಂದ ಇಂದಿನವರೆಗಿನ ಕನ್ನಡ ಬರಹದ ಚರಿತ್ರೆಯೆಲ್ಲ ಅದರಲ್ಲಿ ಹದಿನೇಳು ಸೆಕೆಂಡಿನೊಳಗೆ ಮುಗಿದುಹೋಗುತ್ತದೆ. ಉಳಿದ ಹದಿಮೂರು ಸೆಕೆಂಡು ಹಿಂದಕ್ಕೆ ನಡೆದರೆ ಬುದ್ಧ, ಮಹಾವೀರರಿಗಿಂತಲೂ ಆಚೆಗೆ ಹೋಗಿ ನಿಲ್ಲುತ್ತೇವೆ.

ಅಷ್ಟು ಕಾಲ ಪ್ರೊಸೆಸರ್ ಏನು ಮಾಡುತ್ತಿತ್ತು? ಹೆಚ್ಚಿನ ಸಲ ಉತ್ತರ ಒಂದೇ: ಕಾಯುತ್ತಿತ್ತು. ಹ್ಯಾಂಗ್ ಆಗುವ ಲ್ಯಾಪ್‌ಟಾಪನ್ನು ಸರಿಪಡಿಸುವುದೆಂದರೆ ಅದು ಯಾರಿಗಾಗಿ ಕಾಯುತ್ತಿದೆ ಎಂದು ಪತ್ತೆಹಚ್ಚುವುದು. ಆ ಪತ್ತೆಗೆ ಸ್ಕ್ರೂಡ್ರೈವರಿಗಿಂತ ಮೊದಲು ಬೇಕಾಗುವುದು ಲೆಕ್ಕ.

ಐದು ನಿಮಿಷ, ಮೂರೂವರೆ ದಿನ, ಒಂದು ವರ್ಷ

ಕಾಯುವುದು ಪ್ರೊಸೆಸರಿಗೆ ಹೊಸದಲ್ಲ. ಸೆಕೆಂಡಿಗೆ ಹತ್ತು ಕೀ ಒತ್ತುವ ಚುರುಕು ಬೆರಳಿನವರು ಟೈಪ್ ಮಾಡುತ್ತಿದ್ದಾರೆ ಎನ್ನಿ. ಒಂದು ಅಕ್ಷರಕ್ಕೂ ಮುಂದಿನ ಅಕ್ಷರಕ್ಕೂ ನಡುವೆ ಅದು ತನ್ನ ಲೆಕ್ಕದಲ್ಲಿ ಒಂಬತ್ತೂವರೆ ವರ್ಷ ಕಾದಿರುತ್ತದೆ. ಅದರಿಂದ ನಮಗೇನೂ ತೊಂದರೆಯಿಲ್ಲ. ನಮಗಾಗಿ ಅದು ಕಾಯುವುದು ಸರಿಯಾದ ಕ್ರಮ. ತನ್ನದೇ ಬಿಡಿಭಾಗಕ್ಕಾಗಿ ಅದು ಕಾಯತೊಡಗಿದಾಗ ನಾವು ಅದಕ್ಕಾಗಿ ಕಾಯಬೇಕಾಗುತ್ತದೆ.

ಬಿಡಿಭಾಗಗಳ ವೇಗಗಳ ನಡುವಿನ ಅಂತರ ಬೆರಗು ಹುಟ್ಟಿಸುವಂಥದ್ದು. ಪ್ರೊಸೆಸರಿನ ಒಳಗೇ ಇರುವ ಕ್ಯಾಶ್ ಮೆಮೊರಿಯಿಂದ ಒಂದು ಅಂಕಿ ತರಲು ನಾಲ್ಕೈದು ಬಡಿತ ಸಾಕು. ಅಂದರೆ ಹಿಗ್ಗಿಸಿದ ಅಳತೆಯಲ್ಲಿ ನಾಲ್ಕೈದು ಸೆಕೆಂಡು. ಅದೇ ಅಂಕಿ ರ‍್ಯಾಮ್‌ನಲ್ಲಿದ್ದರೆ ಸುಮಾರು 100 ನ್ಯಾನೊಸೆಕೆಂಡು, ಐದು ನಿಮಿಷ. ಎಸ್‌ಎಸ್‌ಡಿಯಲ್ಲಿದ್ದರೆ 100 ಮೈಕ್ರೊಸೆಕೆಂಡಿನ ಆಸುಪಾಸು, ಮೂರೂವರೆ ದಿನ. ತಿರುಗುವ ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದರೆ ಸುಮಾರು 10 ಮಿಲಿಸೆಕೆಂಡು, ಅಂದರೆ 347 ದಿನ. ಐದು ನಿಮಿಷಕ್ಕೆ ಸಿಗಬೇಕಾದದ್ದಕ್ಕೆ ಹೆಚ್ಚುಕಡಿಮೆ ಒಂದು ವರ್ಷ!

ಹಾರ್ಡ್ ಡಿಸ್ಕನ್ನು ಸೋಮಾರಿ ಎನ್ನುವ ಹಾಗಿಲ್ಲ. ಲ್ಯಾಪ್‌ಟಾಪಿನ ಸಾಮಾನ್ಯ ಡಿಸ್ಕ್ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಎರಡೂವರೆ ಇಂಚಿನ ಆ ತಟ್ಟೆಯ ಅಂಚು ಗಂಟೆಗೆ ಸುಮಾರು 66 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಅದನ್ನು ಓದುವ ಹೆಡ್ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಮೇಲೆ, ಒಂದು ಕೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಎತ್ತರದಲ್ಲಿ ತೇಲುತ್ತದೆ. ಆದರೂ ಒಂದು ಸುತ್ತಿಗೆ 11 ಮಿಲಿಸೆಕೆಂಡು ಬೇಕೇ ಬೇಕು. ಬೇಕಾದ ಮಾಹಿತಿ ಈಗಷ್ಟೇ ಹೆಡ್ಡಿನ ಕೆಳಗೆ ಹಾದುಹೋಗಿದ್ದರೆ ಮುಂದಿನ ಸುತ್ತಿನವರೆಗೆ ಬೇರೆ ದಾರಿಯಿಲ್ಲ.

ಶೇ 99.9 ಸಾಲದು

8 ಜಿಬಿ ರ‍್ಯಾಮ್ ಎಂದರೆ 858 ಕೋಟಿ ಬೈಟ್‌ಗಿಂತ ಹೆಚ್ಚು. ಆಪರೇಟಿಂಗ್ ಸಿಸ್ಟಂ ಅದನ್ನು 4 ಕೆಬಿಯ ಪುಟಗಳಾಗಿ ಹಂಚುತ್ತದೆ. ಒಟ್ಟು 20,97,152 ಪುಟ. ಬ್ರೌಸರಿನಲ್ಲಿ ಒಂದರ ಮೇಲೊಂದು ಟ್ಯಾಬ್ ತೆರೆಯುತ್ತ ಹೋದಂತೆ ಈ ಇಪ್ಪತ್ತೊಂದು ಲಕ್ಷವೂ ಸಾಲದಾಗುತ್ತದೆ. ಆಗ ಸಿಸ್ಟಂ ಸದ್ಯಕ್ಕೆ ಬೇಡವೆನಿಸಿದ ಪುಟಗಳನ್ನು ಡಿಸ್ಕಿಗೆ ಇಳಿಸಿ, ಬೇಕಾದಾಗ ಮತ್ತೆ ಏರಿಸುತ್ತದೆ. ಮ್ಯಾಂಚೆಸ್ಟರಿನ ಅಟ್ಲಾಸ್ ಕಂಪ್ಯೂಟರ್ 1962ರಲ್ಲೇ ಈ ಉಪಾಯ ಬಳಸುತ್ತಿತ್ತು. ಆದರೆ ಇಳಿಸುವ ಏರಿಸುವ ಕೆಲಸವೇ ಅತಿಯಾಗಿ ನಿಜವಾದ ಕೆಲಸಕ್ಕೆ ಹೊತ್ತೇ ಉಳಿಯದ ಸ್ಥಿತಿಯೂ ಉಂಟು. ಅದರ ಕಾರಣವನ್ನೂ ಪರಿಹಾರವನ್ನೂ ಪೀಟರ್ ಡೆನ್ನಿಂಗ್ 1968ರಲ್ಲಿ ಬಿಡಿಸಿ ಬರೆದರು. ಆ ಸ್ಥಿತಿಗೆ ಥ್ರ್ಯಾಷಿಂಗ್ ಎನ್ನುತ್ತಾರೆ.

ಇದರ ಲೆಕ್ಕ ಸರಳ, ಫಲ ಭಯಂಕರ. ಪ್ರೊಸೆಸರ್ ಲಕ್ಷ ಸಲ ಮೆಮೊರಿಗೆ ಕೈಹಾಕಿ, ಅದರಲ್ಲಿ ಒಂದೇ ಒಂದು ಸಲ ಡಿಸ್ಕಿಗೆ ಹೋಗಬೇಕಾಗಿ ಬಂತು ಎನ್ನಿ. ಆ ಒಂದು ಸಲಕ್ಕೆ ತಗಲುವ ಹೊತ್ತು ಉಳಿದ 99,999 ಸಲದ ಒಟ್ಟು ಹೊತ್ತಿಗೆ ಸಮ. ಕೆಲಸ ಅರ್ಧ ವೇಗಕ್ಕೆ ಇಳಿಯಿತು. ಸಾವಿರಕ್ಕೆ ಒಂದು ಸಲ ಹೋಗಬೇಕಾದರೆ ಕೆಲಸ ನೂರು ಪಟ್ಟು ನಿಧಾನ. ಪರೀಕ್ಷೆಯಲ್ಲಾದರೆ ಶೇ 99.9 ಬಂದವರನ್ನು ಮೆರವಣಿಗೆ ಮಾಡುತ್ತೇವೆ. ಇಲ್ಲಿ ಅಷ್ಟು ಅಂಕ ತೆಗೆದ ಲ್ಯಾಪ್‌ಟಾಪ್ ಹ್ಯಾಂಗ್ ಆಗಿದೆ.

ಇನ್ನೊಂದು ಲೆಕ್ಕ. ಡಿಸ್ಕಿಗೆ ಇಳಿದ 400 ಎಂಬಿಯನ್ನು ವಾಪಸು ತರಬೇಕು. ಅದು ಲಕ್ಷ ಪುಟ. ಒಂದೊಂದಾಗಿ ತಂದರೆ, ಪುಟಕ್ಕೆ 10 ಮಿಲಿಸೆಕೆಂಡಿನಂತೆ 1,000 ಸೆಕೆಂಡು, ಸುಮಾರು ಹದಿನೇಳು ನಿಮಿಷ. ವಿಂಡೋಸ್ ಅಕ್ಕಪಕ್ಕದ ಪುಟಗಳನ್ನು ಒಟ್ಟಿಗೆ ತರುವ ಜಾಣತನ ತೋರುವುದರಿಂದ ಅಷ್ಟೂ ಹೊತ್ತು ಹಿಡಿಯುವುದಿಲ್ಲ, ನಿಜ. ಆದರೆ ಅದೇ ಲಕ್ಷ ಪುಟ ಎಸ್‌ಎಸ್‌ಡಿಯಲ್ಲಿದ್ದರೆ ಒಂದೊಂದಾಗಿ ತಂದರೂ ಹತ್ತೇ ಸೆಕೆಂಡು.

ಇದನ್ನು ಕಣ್ಣಾರೆ ನೋಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಹ್ಯಾಂಗ್ ಆಗುತ್ತಿರುವ ಹೊತ್ತಿನಲ್ಲೇ ಪ್ರೊಸೆಸರಿನ ಬಳಕೆ ಶೇ 5 ಎಂದೂ ಡಿಸ್ಕಿನದು ಶೇ 100 ಎಂದೂ ತೋರಿಸಿದರೆ ಕಂಗಾಲಾಗಬೇಡಿ. ಡಿಸ್ಕಿನ ವೇಗ ಅಲ್ಲೇ ಕಾಣುತ್ತದೆ. ಅದು ಸೆಕೆಂಡಿಗೆ ಒಂದು ಎಂಬಿಯನ್ನೂ ಮುಟ್ಟಿರಲಿಕ್ಕಿಲ್ಲ. ಸೆಕೆಂಡಿಗೆ ನೂರು ಸಲ ಅಲೆದು, ಸಲಕ್ಕೆ 4 ಕೆಬಿಯಂತೆ 400 ಕೆಬಿ ತಂದರೆ ಡಿಸ್ಕಿನ ಶಕ್ತಿ ಅಷ್ಟಕ್ಕೇ ಮುಗಿಯಿತು.

195 ಕೋಟಿಯಲ್ಲಿ ಒಂದು

1 ಟಿಬಿ ಡಿಸ್ಕಿನಲ್ಲಿ 512 ಬೈಟ್‌ನ ಸೆಕ್ಟರುಗಳು ಎಷ್ಟಿರುತ್ತವೆ? 195 ಕೋಟಿ 35 ಲಕ್ಷ 25 ಸಾವಿರದ 168. ಇವುಗಳಲ್ಲಿ ಒಂದು ಕೆಟ್ಟು, ವಿಂಡೋಸಿಗೆ ಆಗಾಗ ಬೇಕಾಗುವ ಫೈಲ್ ಅದರ ಮೇಲೇ ಇದ್ದರೆ ಸಾಕು. ಡಿಸ್ಕ್ ಸುಲಭಕ್ಕೆ ಸೋಲೊಪ್ಪುವುದಿಲ್ಲ. ಮತ್ತೆ ಸುತ್ತಿ ಬಂದು ಮತ್ತೆ ಓದಲು ನೋಡುತ್ತದೆ. ಒಂದೊಂದು ಪ್ರಯತ್ನವೂ ಪ್ರೊಸೆಸರಿನ ಕ್ಯಾಲೆಂಡರಿನಲ್ಲಿ ವರ್ಷಕ್ಕೂ ಮೇಲು. ಉತ್ತರ ಬಾರದೆ ಹೋದರೆ ವಿಂಡೋಸ್ ಸಾಮಾನ್ಯವಾಗಿ 60 ಸೆಕೆಂಡು ಕಾಯುತ್ತದೆ. ಅಂದರೆ 5,700 ವರ್ಷ.

ಇಂಥ ಕಾಯುವಿಕೆ ಸದ್ದಿಲ್ಲದೆ ದಾಖಲಾಗುತ್ತಿರುತ್ತದೆ. ಇವೆಂಟ್ ವ್ಯೂವರ್ ತೆರೆದು ಸಿಸ್ಟಂ ವಿಭಾಗದಲ್ಲಿ 7, 129, 153 ಎಂಬ ಸಂಖ್ಯೆಗಳನ್ನು ಹುಡುಕಿ. 7 ಎಂದರೆ ಡಿಸ್ಕಿನಲ್ಲಿ ಕೆಟ್ಟ ಜಾಗವಿದೆ, 153 ಎಂದರೆ ಓದುವ ಬರೆಯುವ ಕೆಲಸವನ್ನು ಮತ್ತೆ ಮಾಡಬೇಕಾಯಿತು, 129 ಎಂದರೆ ಡಿಸ್ಕ್ ಉತ್ತರ ಕೊಡದೆ ಅದನ್ನು ರೀಸೆಟ್ ಮಾಡಬೇಕಾಯಿತು. ಡಿಸ್ಕ್ ತಾನೇ ಬರೆದಿಟ್ಟುಕೊಳ್ಳುವ ಆರೋಗ್ಯದ ಲೆಕ್ಕವೂ ಇದೆ, ಸ್ಮಾರ್ಟ್ ಎಂದು. ಅದನ್ನು ಓದುವ ಉಚಿತ ತಂತ್ರಾಂಶಗಳು ಸಿಗುತ್ತವೆ. ಹಾರ್ಡ್ ಡಿಸ್ಕಾದರೆ 5, 197, 198ನೆಯ ಸಾಲುಗಳಲ್ಲಿ ಸೊನ್ನೆ ಇರಬೇಕು.

ನಾಲ್ಕು ಪಟ್ಟೋ, ಲಕ್ಷ ಪಟ್ಟೋ?

ಹ್ಯಾಂಗ್ ಎಂದೊಡನೆ ಬಿಸಿಯ ಮೇಲೆ ಅನುಮಾನ ಬರುತ್ತದೆ. ಅನುಮಾನಕ್ಕೆ ಆಧಾರವೂ ಇದೆ. ಲ್ಯಾಪ್‌ಟಾಪಿನ ಪ್ರೊಸೆಸರ್ ಚಿಪ್ಪು ಒಂದು ಚದರ ಸೆಂಟಿಮೀಟರಿನ ಆಸುಪಾಸಿನದು. ಅಷ್ಟು ಜಾಗದಿಂದ 15 ವಾಟ್ ಶಾಖ ಹೊರಡುತ್ತದೆ. ನಡುಮಧ್ಯಾಹ್ನದ ಬಿಸಿಲು ಅಷ್ಟೇ ಜಾಗಕ್ಕೆ ಕೊಡುವುದು 0.1 ವಾಟ್. ನೂರೈವತ್ತು ಪಟ್ಟು! ಹಲವು ಪ್ರೊಸೆಸರುಗಳಿಗೆ 100 ಡಿಗ್ರಿ ಸೆಲ್ಸಿಯಸ್ ಗಡಿ. ಕೋಣೆ 25 ಡಿಗ್ರಿ ಇದ್ದರೆ ಶಾಖ ಹೊರದೂಡಲು 75 ಡಿಗ್ರಿಯ ಅಂತರ ಸಿಗುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಫ್ಯಾನ್ ಎಳೆದುಕೊಳ್ಳುವ ಗಾಳಿಯೇ 40 ಡಿಗ್ರಿ. ಅಂತರ 60ಕ್ಕೆ ಇಳಿದು, ತಂಪಾಗುವ ಶಕ್ತಿಯ ಐದನೇ ಒಂದು ಪಾಲು ಅಲ್ಲೇ ಹೋಯಿತು. ದೂಳು ಕಟ್ಟಿದ ಜಾಲರಿ ಉಳಿದದ್ದನ್ನು ಕಸಿದುಕೊಳ್ಳುತ್ತದೆ.

ಗಡಿ ಮುಟ್ಟಿದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ಬಡಿತ ಇಳಿಸುತ್ತದೆ. 3 ಗಿಗಾಹರ್ಟ್ಸಿನಿಂದ 800 ಮೆಗಾಹರ್ಟ್ಸಿಗೆ ಇಳಿಯಿತು ಎನ್ನಿ. ಆಗಲೂ ಅದು ನಿಧಾನವಾದದ್ದು ನಾಲ್ಕು ಪಟ್ಟಿಗಿಂತ ಕಡಿಮೆ. ಡಿಸ್ಕಿನ ಪೆಟ್ಟು ಲಕ್ಷ ಪಟ್ಟಿನದು. ಅಂದಮೇಲೆ ಬಿಸಿಯಾದ ಲ್ಯಾಪ್‌ಟಾಪ್ ತೆವಳುತ್ತದೆ, ವಿಡಿಯೊ ತಡವರಿಸುತ್ತದೆ, ಕೈಮೀರಿದರೆ ಒಮ್ಮೆಲೇ ಆಫ್ ಆಗುತ್ತದೆ; ಅರ್ಧ ನಿಮಿಷ ಬೊಂಬೆಯಂತೆ ನಿಂತು ಮತ್ತೆ ಏನೂ ಆಗದವರಂತೆ ಓಡುವುದು ಬಿಸಿಯ ಲಕ್ಷಣವಲ್ಲ. ಅಲ್ಲಿ ಅನುಮಾನಿಸಬೇಕಾದದ್ದು ಡಿಸ್ಕನ್ನು, ಇಲ್ಲವೇ ತುಂಬಿ ತುಳುಕುವ ರ‍್ಯಾಮನ್ನು.

ನಿಂತದ್ದು ಮತ್ತೆ ಓಡದೇ ಹೋದರೆ? ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ದೀಪ ಹತ್ತಿ ಆರುತ್ತಿದ್ದರೆ ಸಿಸ್ಟಮ್ಮಿನ ಒಳತಿರುಳು ಇನ್ನೂ ಜೀವಂತ. ದೀಪವೂ ಕದಲದಿದ್ದರೆ ಡ್ರೈವರ್ ಅಥವಾ ಮೆಮೊರಿಯ ಕಡೆ ಬೆರಳು ತೋರಿಸಬೇಕಾಗುತ್ತದೆ. 8 ಜಿಬಿ ರ‍್ಯಾಮಿನಲ್ಲಿ 6,871 ಕೋಟಿ ಬಿಟ್‌ಗಳಿವೆ. ಪ್ರತಿ ಬಿಟ್ಟೂ ಸೋರುತ್ತಲೇ ಇರುವ ಒಂದು ಪುಟ್ಟ ಕೆಪಾಸಿಟರ್. ಡಿಡಿಆರ್4 ರ‍್ಯಾಮಿನಲ್ಲಿ 64 ಮಿಲಿಸೆಕೆಂಡಿಗೊಮ್ಮೆ ಪ್ರತಿಯೊಂದನ್ನೂ ಮರುತುಂಬಬೇಕು. ಒಟ್ಟು ಲೆಕ್ಕ ಹಾಕಿದರೆ ಸೆಕೆಂಡಿಗೆ ಲಕ್ಷ ಕೋಟಿಗೂ ಹೆಚ್ಚು ಮರುಪೂರಣ, ನೀವು ಸುಮ್ಮನೆ ಪರದೆ ನೋಡುತ್ತ ಕುಳಿತಿದ್ದರೂ! ಗೂಗಲ್ ತನ್ನ ಸರ್ವರುಗಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಒಂದು ವರ್ಷದಲ್ಲಿ ಶೇ 8ಕ್ಕೂ ಹೆಚ್ಚು ರ‍್ಯಾಮ್ ಪಟ್ಟಿಗಳಲ್ಲಿ ತಪ್ಪು ಕಾಣಿಸಿಕೊಂಡಿತ್ತು. ಸರ್ವರುಗಳಿಗೆ ಅದನ್ನು ತಿದ್ದಿಕೊಳ್ಳುವ ಏರ್ಪಾಡಿರುತ್ತದೆ, ಮನೆಯ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಮೆಮೊರಿ ಪರೀಕ್ಷೆಯನ್ನು ರಾತ್ರಿಯಿಡೀ ಓಡಲು ಬಿಡಿ. ಒಂದೇ ತಪ್ಪು ಕಂಡರೂ ರ‍್ಯಾಮನ್ನು ಬದಲಿಸುವುದೇ ಸರಿ.

ಐದು ಶತಮಾನದ ತಾಳ್ಮೆ

ಒಂದು ಪ್ರೋಗ್ರಾಂ ಕೆಲಸದಲ್ಲಿ ಮುಳುಗಿದೆಯೋ ಎಂದಿಗೂ ಮುಗಿಯದ ಸುತ್ತಿನಲ್ಲಿ ಸಿಕ್ಕಿಬಿದ್ದಿದೆಯೋ ಎಂದು ಎಲ್ಲ ಸಂದರ್ಭಕ್ಕೂ ಸಲ್ಲುವಂತೆ ಹೇಳಬಲ್ಲ ವಿಧಾನವೇ ಇಲ್ಲ. ಆಲನ್ ಟ್ಯೂರಿಂಗ್ 1936ರಲ್ಲಿ ಹಾಕಿದ ಬುನಾದಿಯ ಮೇಲೆ ನಿಂತ ಗಣಿತ ಇದು. ಹಾಗಾಗಿ ವಿಂಡೋಸ್ ಗಡುವು ಇಟ್ಟುಕೊಂಡು ಕಾಯುತ್ತದೆ. ಗ್ರಾಫಿಕ್ಸ್ ಚಿಪ್ಪಿಗೆ 2 ಸೆಕೆಂಡು, ಪ್ರೊಸೆಸರಿನ 190 ವರ್ಷ. ಪ್ರೋಗ್ರಾಮಿನ ಕಿಟಕಿಗೆ 5 ಸೆಕೆಂಡು, 475 ವರ್ಷ. ತಾಳಿಕೋಟೆಯ ಯುದ್ಧದಿಂದ ಈವರೆಗೆ ಕಳೆದದ್ದಕ್ಕಿಂತ ಹೆಚ್ಚು. ಆಮೇಲಷ್ಟೇ ‘ನಾಟ್ ರೆಸ್ಪಾಂಡಿಂಗ್’ ಎಂಬ ಫಲಕ. ಅದನ್ನು ಕಂಡ ಮರುಕ್ಷಣವೇ ಪವರ್ ಬಟನ್ ಅದುಮುವ ಬದಲು ಇನ್ನೊಂದೆರಡು ನಿಮಿಷ ಕೊಟ್ಟು ನೋಡುವುದು ಒಳ್ಳೆಯದು; ಡಿಸ್ಕಿನ 60 ಸೆಕೆಂಡಿನ ಗಡುವು ನೆನಪಿರಲಿ.

ರೀಸ್ಟಾರ್ಟ್ ಮಾಡಿ ನೋಡಿ ಎಂಬ ಹಳೆಯ ಉಪದೇಶಕ್ಕೂ ಒಂದು ತಿದ್ದುಪಡಿ ಬೇಕು. 2012ರ ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಒತ್ತಿದರೆ ಸಿಸ್ಟಂ ಪೂರ್ತಿ ಕಳಚಿಕೊಳ್ಳದೆ ತನ್ನ ತಿರುಳನ್ನು ಡಿಸ್ಕಿನಲ್ಲಿ ಉಳಿಸಿಟ್ಟುಕೊಳ್ಳುವುದೇ ಹೆಚ್ಚು. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ. ದಿನವೂ ಶಟ್‌ಡೌನ್ ಮಾಡುವವರ ಟಾಸ್ಕ್ ಮ್ಯಾನೇಜರಿನಲ್ಲೂ ಅಪ್‌ಟೈಮ್ ವಾರಗಟ್ಟಲೆ ಇರುವುದು ಇದರಿಂದಲೇ.

ಸೊನ್ನೆಗಳಿರುವ ಕಡೆ ದುಡ್ಡು

ಖರ್ಚು ಮಾಡಲೇಬೇಕಾದರೆ ಎಲ್ಲಿ? 3 ಗಿಗಾಹರ್ಟ್ಸ್ ಬಿಟ್ಟು 4 ಗಿಗಾಹರ್ಟ್ಸಿನ ಪ್ರೊಸೆಸರ್ ತಂದಿರಿ ಎನ್ನಿ. ಅದೇ ಹಳೆಯ ಡಿಸ್ಕಿನ ಮುಂದೆ ಅದು ಮೂರು ಕೋಟಿ ಬಡಿತದ ಬದಲು ನಾಲ್ಕು ಕೋಟಿ ಬಡಿತ ಕಾಯುತ್ತದೆ, ಅಷ್ಟೇ ಲಾಭ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ 347 ದಿನ ಮೂರೂವರೆ ದಿನವಾಗುತ್ತದೆ: ನೂರು ಪಟ್ಟು. ರ‍್ಯಾಮ್ ಹೆಚ್ಚಿಸಿ ಡಿಸ್ಕಿನ ಗೊಡವೆಯೇ ತಪ್ಪಿದರೆ ಮೂರೂವರೆ ದಿನ ಐದು ನಿಮಿಷವಾಗುತ್ತದೆ: ಸಾವಿರ ಪಟ್ಟು. ತೆಳುವಾದ ಎಷ್ಟೋ ಮಾಡೆಲುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ, ಅದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಇದೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸಕ್ಕೂ ಒಂದು ಲೆಕ್ಕವಿದೆ. ಆರೋಗ್ಯವಾಗಿರುವ 1 ಟಿಬಿ ಡಿಸ್ಕನ್ನು ಸೆಕೆಂಡಿಗೆ 100 ಎಂಬಿಯಂತೆ ನಕಲು ಮಾಡಲು ಸುಮಾರು 10,000 ಸೆಕೆಂಡು, ಅಂದರೆ ಎರಡೂಮುಕ್ಕಾಲು ಗಂಟೆ ಬೇಕು. ಅದರಲ್ಲಿ ಸಾವಿರ ಸೆಕ್ಟರ್ ಕೆಟ್ಟು, ಒಂದೊಂದರ ಮೇಲೂ ಡಿಸ್ಕ್ ಹತ್ತು ಸೆಕೆಂಡು ಹೆಣಗಿದರೆ ಇನ್ನೂ ಅಷ್ಟೇ ಹೊತ್ತು ಸೇರುತ್ತದೆ. ಕೆಟ್ಟದ್ದು ಶೇ 0.00005, ಹೊತ್ತು ಇಮ್ಮಡಿ. ಅಷ್ಟು ಹೊತ್ತು ಡಿಸ್ಕ್ ಬದುಕಿದ್ದೀತೆಂಬ ಭರವಸೆಯೂ ಇಲ್ಲ. ಆದ್ದರಿಂದ 197ರ ಎದುರು ಸೊನ್ನೆಯಲ್ಲದ ಅಂಕಿ ಕಂಡ ದಿನವೇ ಫೋಟೊ, ಕಾಗದಪತ್ರಗಳ ನಕಲು ತೆಗೆದುಬಿಡಿ. ಫಾರ್ಮ್ಯಾಟ್ ಹೊಡೆಸುವುದು, ಅಂಗಡಿಯವರೊಡನೆ ವಾದ, ಲ್ಯಾಪ್‌ಟಾಪಿಗೆ ಶಾಪ ಎಲ್ಲ ಆಮೇಲೆ.